ಪಲ್ಪರ್ ನೀರು, ಅರವತ್ತು ದಿನ ಮತ್ತು ನಾಗರಿಕರ ದೂರು

ಪರಿಸರ ಕಾನೂನಿನ ಜಾರಿಗೆ ನಾಗರಿಕರ ದೂರು ಹೇಗೆ ನೆರವಾಗುತ್ತದೆ ಎಂಬುದಕ್ಕೆ ಮಧ್ಯಪ್ರದೇಶದ ರತ್ಲಾಮ್ ಪಟ್ಟಣ ಹಳೆಯ ನಿದರ್ಶನ. ತೆರೆದ ಚರಂಡಿ, ಮದ್ಯಸಾರ ಕಾರ್ಖಾನೆಯ ತ್ಯಾಜ್ಯ ಹಾಗೂ ಸೊಳ್ಳೆಗಳ ಕಾಟದಿಂದ ಬೇಸತ್ತ ಅಲ್ಲಿನ ಒಂದು ವಾರ್ಡಿನ ನಿವಾಸಿಗಳು 1972ರಲ್ಲಿ ಉಪವಿಭಾಗ ದಂಡಾಧಿಕಾರಿಗೆ ದೂರಿತ್ತರು. ಆಗಿನ್ನೂ ಜಲಮಾಲಿನ್ಯ ಕಾಯ್ದೆಯೇ ಇರಲಿಲ್ಲ. ಅವರ ಕೈಯಲ್ಲಿದ್ದುದು ಸಾರ್ವಜನಿಕ ಉಪದ್ರವವನ್ನು ನಿವಾರಿಸುವ, ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮು ಮಾತ್ರ. ಹಣವಿಲ್ಲ ಎಂಬ ನಗರಸಭೆಯ ವಾದವನ್ನು 1980ರಲ್ಲಿ ಸರ್ವೋಚ್ಚ ನ್ಯಾಯಾಲಯ, ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ತೀರ್ಪಿನಲ್ಲಿ, ತಳ್ಳಿಹಾಕಿತು. ದೂರಿನಿಂದ ತೀರ್ಪಿನವರೆಗೆ ಎಂಟು ವರ್ಷ!

ಮಲೆನಾಡಿನ ಹಳ್ಳಗಳಿಗೆ ಅಷ್ಟು ಕಾಲಾವಕಾಶವಿಲ್ಲ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಆರಂಭವಾದೊಡನೆ ಪಲ್ಪರ್‌ಗಳು ತಿರುಗತೊಡಗುತ್ತವೆ. ಕಾಫಿ ಹಣ್ಣಿನ ಲೋಳೆ ಮತ್ತು ಸಕ್ಕರೆ ಸೇರಿದ ನೀರು ಸಂಸ್ಕರಣೆಯಿಲ್ಲದೆ ಹಳ್ಳಕ್ಕೆ ಬಿದ್ದರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ನೀರು ಕಪ್ಪಾಗಿ ನಾರುತ್ತದೆ, ಮೀನು ಸಾಯುತ್ತದೆ. ಜೂನಿನ ಮಳೆ ಹಳ್ಳವನ್ನು ತೊಳೆಯುತ್ತದೆ, ಸಾಕ್ಷ್ಯವನ್ನೂ ತೊಳೆಯುತ್ತದೆ.

1974ರ ಜಲಮಾಲಿನ್ಯ ಕಾಯ್ದೆಗೆ 1988ರಲ್ಲಿ ಆದ ತಿದ್ದುಪಡಿಯಿಂದ ಸಾಮಾನ್ಯ ನಾಗರಿಕನೂ ನ್ಯಾಯಾಲಯಕ್ಕೆ ದೂರು ಸಲ್ಲಿಸಬಹುದು. ಆದರೆ ಅದಕ್ಕೆ ಮುನ್ನ ಅರವತ್ತು ದಿನಗಳ ನೋಟಿಸು ಕೊಡಬೇಕು. ಡಿಸೆಂಬರಿನ ಕೊನೆಯಲ್ಲಿ ನೋಟಿಸು ಕೊಟ್ಟವನ ಅವಧಿ ತುಂಬುವ ಹೊತ್ತಿಗೆ ಪಲ್ಪರನ್ನು ತೊಳೆದು ಮುಚ್ಚಿಟ್ಟಿರುತ್ತಾರೆ. ಆದ್ದರಿಂದ ಹಳ್ಳ ಕೆಟ್ಟ ಮೊದಲ ದಿನವೇ ಬರವಣಿಗೆ ಆರಂಭವಾಗಬೇಕು: ದಿನಾಂಕ, ಸರ್ವೆ ನಂಬರು, ನೀರು ಬೀಳುವ ಜಾಗ, ನೋಡಿದವರ ಸಹಿ, ಕಚೇರಿಯ ಸ್ವೀಕೃತಿ.

ಬಾಟಲಿಯಲ್ಲಿ ನೀರು ತುಂಬಿ ತರುವ ಉತ್ಸಾಹಿಗಳು ಎಲ್ಲ ಊರಿನಲ್ಲೂ ಇದ್ದಾರೆ. ಪಾಪ, ಆ ಬಾಟಲಿ ಜಲಮಾಲಿನ್ಯ ಕಾಯ್ದೆಯ 21ನೆಯ ಕಲಮಿನ ಮಾದರಿಯಾಗದು. ಮಂಡಳಿಯ ಅಧಿಕಾರಿಯೇ ಘಟಕದವರಿಗೆ ಸ್ಥಳದಲ್ಲೇ ನೋಟಿಸು ಕೊಟ್ಟು, ಅವರ ಸಮಕ್ಷಮದಲ್ಲಿ ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಬೇಕು. ಹಾಗಾಗಿ ದೂರಿನಲ್ಲಿ 'ಕ್ರಮ ಕೈಗೊಳ್ಳಿ' ಎಂದಷ್ಟೇ ಬರೆದರೆ ಸಾಲದು. '21ನೆಯ ಕಲಮಿನಂತೆ ಮಾದರಿ ತೆಗೆಯಿರಿ' ಎಂದು ಸ್ಪಷ್ಟವಾಗಿ ಕೇಳಬೇಕು. ಅಧಿಕಾರಿ ಬಂದರೇ, ಮಾದರಿ ಏನಾಯಿತು ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಉತ್ತರಕ್ಕೆ ಮೂವತ್ತು ದಿನ.

ರತ್ಲಾಮಿನ ದಾರಿಯೂ ಮುಚ್ಚಿಲ್ಲ. 2024ರ ಜುಲೈ 1ರಿಂದ ಆ ಕಲಮು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152 ಆಗಿದೆ. ಅಲ್ಲಿ ಅರವತ್ತು ದಿನಗಳ ಕಾಯುವಿಕೆ ಇಲ್ಲ. ಬೇಸಿಗೆಗೆ ಮೊದಲೇ ಹಳ್ಳ ಉಳಿಯಬೇಕಾದರೆ ಉಪವಿಭಾಗಾಧಿಕಾರಿಗೆ ಕೊಡುವ ಅರ್ಜಿಯೇ ಹೆಚ್ಚು ಉಪಯುಕ್ತ. ಜನ ಅದನ್ನು ಮರೆತಿರುವುದು ಸೋಜಿಗ.

2010ರ ಕಾಯ್ದೆಯಿಂದ ಬಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸಾಕ್ಷ್ಯ ಕಾಯ್ದೆಯ ಕಟ್ಟುನಿಟ್ಟಿಗೆ ಬದ್ಧವಲ್ಲ. ಊರಿನವರ ದಿನಚರಿ, ಛಾಯಾಚಿತ್ರಗಳನ್ನು ಅಲ್ಲಿ ಮುಂದಿಡಬಹುದು. ಆದರೆ ವಿವಾದದ ಕಾರಣ ಮೊದಲು ಉಂಟಾದ ದಿನದಿಂದ ಆರು ತಿಂಗಳೊಳಗೆ ಹೋಗಬೇಕು. ಸಕಾರಣವಿದ್ದರೆ ಇನ್ನು ಅರವತ್ತು ದಿನ.

ಇಷ್ಟಾದರೂ ಹಳ್ಳದ ನೀರು ಕುಡಿಯುವವರು ಬಹುಪಾಲು ತೋಟದ ಲೈನುಮನೆಯವರು. ಪಲ್ಪರ್ ಯಾರದೋ, ಅವರ ಕೂಲಿಯೂ ಅವರದೇ. ಒಬ್ಬರ ಹೆಸರಿನ ದೂರು ಮರುದಿನವೇ ಕೆಲಸ ಕಳೆಯಬಹುದು. ಕೆಳಗಿನ ಹಳ್ಳಿಗಳ ಗದ್ದೆಯವರು, ಗ್ರಾಮ ಪಂಚಾಯಿತಿ ಸದಸ್ಯರು ಮೊದಲು ಸಹಿ ಹಾಕಿದರೆ ಲೈನುಮನೆಯವರು ಬಾಯಿ ಬಿಡುತ್ತಾರೆ. ಆ ಸಹಿಗಳು ಅಕ್ಟೋಬರಿನೊಳಗೆ ಕೂಡಬೇಕು.