ಡಿಗ್ರಿ ಕೊಡೋ ಯೂನಿವರ್ಸಿಟಿನ ಒಂದ್ಸಲ ನೋಡಿದೀರಾ?

ಇವತ್ತಿನ ಎಪಿಸೋಡ್ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಡಿಗ್ರಿ ಓದ್ತಾ ಇರೋರಿಗೆ. ಬೇರೆ ಊರಿನವರೂ ಕೇಳಿ, ಬಸ್ಸಲ್ಲಿ ಕಾಲೇಜಿಗೆ ಹೋಗಿ ಬಂದಿರೋರಾದ್ರೆ ನಿಮಗೂ ಇದು ಹೊಸದಲ್ಲ.

ಹಾಲ್ ಟಿಕೆಟ್ ಮೇಲೆ ಕುವೆಂಪು ವಿಶ್ವವಿದ್ಯಾಲಯ ಅಂತ ಇರುತ್ತಲ್ಲ, ಆ ಜಾಗನ ಕಣ್ಣಾರೆ ನೋಡಿದೀರಾ? ಇದೇ ಪ್ರಶ್ನೆನ ನಮ್ಮ ಬಿ.ಕಾಂ. ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಹಾಕಿದೆ. ನೋಡಿದೀನಿ ಅಂದೋರು ಬೆರಳೆಣಿಕೆ. ಅದರಲ್ಲೂ ಒಬ್ಬ ಹೋಗಿದ್ದು ಭದ್ರಾ ಡ್ಯಾಂ ನೋಡೋಕೆ, ದಾರೀಲಿ ಯೂನಿವರ್ಸಿಟಿ ಗೇಟು ಕಾಣಿಸ್ತಂತೆ. ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿ ಮದುವೆನೂ ಆದೋರು ಇದ್ದಾರೆ ಆ ಗ್ರೂಪಲ್ಲಿ. ಯೂನಿವರ್ಸಿಟಿ ಅಂದ್ರೆ ಅವರಿಗೆಲ್ಲ ಒಂದು ಮುದ್ರೆ, ಒಂದು ಸಹಿ ಅಷ್ಟೆ. ಈಗಿನವರಿಗೆ ಯುಯುಸಿಎಂಎಸ್ ಲಾಗಿನ್. ಅಡ್ಮಿಷನ್ನು, ಪರೀಕ್ಷೆ ಫೀಸು, ರಿಸಲ್ಟು ಎಲ್ಲ ಅದರಲ್ಲೇ. ಪಾಸ್‌ವರ್ಡ್ ಮರೆತಾಗ ಮಾತ್ರ ಯೂನಿವರ್ಸಿಟಿ ನೆನಪಾಗುತ್ತೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳ್ತೀನಿ. ವಿಶ್ವವಿದ್ಯಾಲಯ ಶುರುವಾಗಿದ್ದು 1987ರಲ್ಲಿ. ಅದಕ್ಕೂ ಮುಂಚೆ ಬಿ.ಆರ್. ಪ್ರಾಜೆಕ್ಟ್‌ನಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇತ್ತು. ಕ್ಯಾಂಪಸ್ ಇರೋದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, ಹೆಸರು ಜ್ಞಾನ ಸಹ್ಯಾದ್ರಿ. ಕುವೆಂಪು ಆಗ ಇನ್ನೂ ಬದುಕಿದ್ದರು, ತೀರಿಕೊಂಡಿದ್ದು 1994ರಲ್ಲಿ. ಅವರು ಕುಪ್ಪಳಿಯವರು ಅಂತ ಎಲ್ಲರಿಗೂ ಗೊತ್ತು, ಆದರೆ ಹುಟ್ಟಿದ್ದು ತಾಯಿಯ ಊರಾದ ಹಿರೇಕೊಡಿಗೆಯಲ್ಲಿ. ಅದು ಕೊಪ್ಪ ತಾಲ್ಲೂಕು, ಅಂದ್ರೆ ನಮ್ಮದೇ ಚಿಕ್ಕಮಗಳೂರು ಜಿಲ್ಲೆ. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಬೇರೆ ಆದ ಮೇಲೆ ಕುವೆಂಪು ವಿವಿಗೆ ಉಳಿದಿದ್ದು ಶಿವಮೊಗ್ಗ, ಚಿಕ್ಕಮಗಳೂರು ಎರಡೇ ಜಿಲ್ಲೆ. ಚಿಕ್ಕ ಯೂನಿವರ್ಸಿಟಿ. ಅದರಲ್ಲಿ ನಾವು ಮೂರು ತಾಲ್ಲೂಕಿನವರು ಕಡಿಮೆ ಜನ ಏನಲ್ಲ.

ದೂರನೂ ಅಂಥಾದ್ದೇನಿಲ್ಲ. ತರೀಕೆರೆಯಿಂದ ಲಕ್ಕವಳ್ಳಿ, ಲಕ್ಕವಳ್ಳಿ ದಾಟಿದ್ರೆ ಬಿ.ಆರ್.ಪಿ., ಅಲ್ಲೇ ಪಕ್ಕದಲ್ಲಿ ಶಂಕರಘಟ್ಟ. ಕಡೂರಿನವರು ಶಿವಮೊಗ್ಗ ರೈಲು ಹತ್ತಿ ಭದ್ರಾವತಿಯಲ್ಲಿ ಇಳಿದು ಬಸ್ ಹಿಡಿಬಹುದು. ಕಷ್ಟ ಆಗೋದು ಅಜ್ಜಂಪುರ, ಶಿವನಿ ಕಡೆಯವರಿಗೆ. ಅವರ ರೈಲು ಹುಬ್ಬಳ್ಳಿ ಲೈನಿನದು. ಶಿವಮೊಗ್ಗ ಕಡೆ ಹೋಗ್ಬೇಕಂದ್ರೆ ಬೀರೂರಿಗೆ ಬಂದು ಬದಲಾಯಿಸಬೇಕು, ಇಲ್ಲಾಂದ್ರೆ ತರೀಕೆರೆಗೆ ಬಸ್ಸಲ್ಲಿ ಬಂದು ಮುಂದಿನ ಬಸ್ ಕಾಯಬೇಕು.

ಹತ್ತಿರ ಇದ್ರೂ ಯಾಕೆ ಹೋಗಲ್ಲ? ಹುಡುಗರಿಗೆ ಆಸಕ್ತಿ ಇಲ್ಲ ಅಂತಾರೆ ದೊಡ್ಡೋರು. ನಾನು ಒಪ್ಪಲ್ಲ. ನಮ್ಮ ಕಡೆ ಕಾಲೇಜಿನ ಟೈಮ್‌ಟೇಬಲ್ ನೋಟಿಸ್ ಬೋರ್ಡ್ ಮೇಲಿರಲ್ಲ, ಬಸ್ ಸ್ಟ್ಯಾಂಡಲ್ಲಿರುತ್ತೆ. ಯಗಟಿ ಕಡೆಗೆ, ಸಿಂಗಟಗೆರೆ ಕಡೆಗೆ, ಲಿಂಗದಹಳ್ಳಿ ಕಡೆಗೆ ಹೋಗೋ ಸಂಜೆ ಬಸ್ ಎಷ್ಟು ಹೊತ್ತಿಗೋ ಅಷ್ಟು ಹೊತ್ತಿಗೆ ನಿಮ್ಮ ಸ್ಟೂಡೆಂಟ್ ಲೈಫ್ ಮುಗೀತು. ಆಮೇಲೆ ಏನೇ ನಡೆದ್ರೂ ಅದು ಹಾಸ್ಟೆಲ್‌ನವರಿಗೆ, ಬೈಕ್ ಇರೋರಿಗೆ.

ಕಾಲೇಜ್ ಫಂಕ್ಷನ್ನೇ ತಗೊಳ್ಳಿ. ಬ್ಯಾನರ್ ನೆನಪಿದೆಯಲ್ಲ? ಸಾಂಸ್ಕೃತಿಕ, ಕ್ರೀಡೆ, ಎನ್.ಎಸ್.ಎಸ್., ಯುವ ರೆಡ್‌ಕ್ರಾಸ್, ರೋವರ್ಸ್ ಮತ್ತು ರೇಂಜರ್ಸ್ ಘಟಕಗಳ ಉದ್ಘಾಟನಾ ಸಮಾರಂಭ. ಓದಿ ಮುಗಿಸೋಕೇ ಒಂದು ನಿಮಿಷ ಬೇಕು. ಹತ್ತೂವರೆಗೆ ಅಂತ ಹಾಕಿರ್ತಾರೆ, ಮುಖ್ಯ ಅತಿಥಿ ಬರೋದು ಹನ್ನೆರಡಕ್ಕೆ. ಸ್ವಾಗತ, ಹಾರ, ಶಾಲು, ಪ್ರಾಸ್ತಾವಿಕ ನುಡಿ, ಉದ್ಘಾಟನಾ ಭಾಷಣ, ಆಮೇಲೆ ಅಧ್ಯಕ್ಷರ ಭಾಷಣ. ಡ್ಯಾನ್ಸ್, ಹಾಡು, ನಾಟಕ ಶುರುವಾಗೋ ಹೊತ್ತಿಗೆ ಮೂರು ಗಂಟೆ ದಾಟಿರುತ್ತೆ, ಹಿಂದಿನ ಸಾಲುಗಳು ಖಾಲಿ. ನನ್ನ ಕ್ಲಾಸ್‌ಮೇಟ್ ಒಬ್ಬಳು ಒಂದು ತಿಂಗಳು ಪ್ರಾಕ್ಟೀಸ್ ಮಾಡಿದ್ದ ಜಾನಪದ ನೃತ್ಯನ ಬಿಟ್ಟು ಬಸ್ ಸ್ಟ್ಯಾಂಡ್‌ಗೆ ಓಡಿದಳು. ಮುಖದ ಬಣ್ಣ ಒರೆಸ್ಕೊಳ್ಳೋಕೂ ಟೈಮ್ ಇರ್ಲಿಲ್ಲ. ಆ ಬಸ್ ತಪ್ಪಿದ್ರೆ ಮನೇಲಿ ಮಾರನೇ ದಿನದಿಂದ ಕಾಲೇಜೇ ಬೇಡ ಅಂತಿದ್ದರು. ಅದು ಬರೀ ಬೆದರಿಕೆ ಆಗಿರ್ಲಿಲ್ಲ, ಅವಳ ಅಕ್ಕನ ಓದು ಹಾಗೇ ನಿಂತಿತ್ತು.

ಹಾಗಾಗಿ ಪ್ರಿನ್ಸಿಪಾಲರಲ್ಲಿ, ಕಮಿಟಿಯವರಲ್ಲಿ ನನ್ನ ಬೇಡಿಕೆ ಒಂದೇ. ಮಕ್ಕಳ ಕಾರ್ಯಕ್ರಮ ಮೊದಲು ಇಡಿ, ಭಾಷಣ ಆಮೇಲೆ. ಅತಿಥಿಗಳಿಗೆ ಕಾರಿರುತ್ತೆ ಸಾರ್.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಲ್ಲಿ ಹೆಣ್ಮಕ್ಕಳಿಗೆ ಟಿಕೆಟ್ ದುಡ್ಡು ಉಳೀತು. ದೊಡ್ಡ ವಿಷಯನೇ. ಮೂರು ಮಕ್ಕಳು ಓದ್ತಾ ಇರೋ ಮನೇಲಿ ಮೊದಲು ಕಾಲೇಜು ಬಿಡಿಸ್ತಿದ್ದಿದ್ದು ಯಾರನ್ನ ಅಂತ ನಿಮಗೂ ಗೊತ್ತು. ಆದರೆ ಖಾಸಗಿ ಬಸ್ಸಿಗೆ ಅದು ಅನ್ವಯಿಸಲ್ಲ. ಬಸ್ಸೇ ಇಲ್ಲದ ಹೊತ್ತಿಗೆ ಫ್ರೀ ಟಿಕೆಟ್ ಇದ್ದೂ ಉಪಯೋಗ ಇಲ್ಲ.

ಇನ್ನು ಓದಿನ ವಿಷಯ. ನಮ್ಮ ಕಾಲದಲ್ಲಿ ಸೀನಿಯರ್ ನೋಟ್ಸ್ ಅನ್ನೋದು ಆಸ್ತಿ. ಕಾಸ್ಟಿಂಗ್ ನೋಟ್ಸು ನಾಲ್ಕು ಬ್ಯಾಚು ದಾಟಿ, ಜೆರಾಕ್ಸ್ ಮೇಲೆ ಜೆರಾಕ್ಸ್ ಆಗಿ, ಅಂಕಿ ಮಾಸಿ ಹೋಗಿದ್ರೂ ನಮ್ಮ ಕೈಗೆ ಬಂದಿತ್ತು. ಈಗಿನವರಿಗೆ ಆ ಅನುಕೂಲ ತಪ್ಪಿ ಹೋಯ್ತು. 2021-22ರಲ್ಲಿ ಎನ್.ಇ.ಪಿ. ಬಂತು, ನಾಲ್ಕು ವರ್ಷದ ಡಿಗ್ರಿ ಅಂದ್ರು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ವಾಪಸ್ ಬಂತು. ಆ ವರ್ಷ ಒಂದೇ ಕಾರಿಡಾರಿನಲ್ಲಿ ಫಸ್ಟ್ ಇಯರಿನವರದ್ದು ಒಂದು ಸಿಲಬಸ್, ಸೆಕೆಂಡ್ ಇಯರಿನವರದ್ದು ಇನ್ನೊಂದು. ಅಣ್ಣನ ಪುಸ್ತಕ ತಮ್ಮನಿಗೆ ಆಗಲ್ಲ. ಇದಕ್ಕೆ ಅತಿಥಿ ಉಪನ್ಯಾಸಕರ ನೇಮಕ ತಡ ಆಗೋದು ಸೇರಿಸಿ. ಈರುಳ್ಳಿ ಕೀಳೋ ಟೈಮು, ಅಡಿಕೆ ಸುಲಿಯೋ ಟೈಮಲ್ಲಿ ಅಟೆಂಡೆನ್ಸ್ ಬೀಳೋದೂ ಸೇರಿಸಿ. ಇಷ್ಟರ ಮಧ್ಯೆ ಪಾಸಾಗೋರನ್ನ ಡಲ್ ಸ್ಟೂಡೆಂಟ್ಸ್ ಅಂತ ಯಾರಾದ್ರೂ ಕರೆದ್ರೆ ನನಗೆ ಸಿಟ್ಟು ಬರುತ್ತೆ.

ಮತ್ತೆ ಶಂಕರಘಟ್ಟಕ್ಕೆ ಬರ್ತೀನಿ. ಫೈನಲ್ ಇಯರಲ್ಲಿ ಇರೋರಿಗೆ ಎಂ.ಕಾಂ. ಮಾಡ್ಬೇಕಾ, ಬೆಂಗಳೂರು ಬಸ್ ಹತ್ತಬೇಕಾ ಅನ್ನೋ ಯೋಚನೆ ಇರುತ್ತೆ. ಬೆಂಗಳೂರು ಎಲ್ಲರಿಗೂ ಗೊತ್ತು. ಅಲ್ಲಿ ಅಣ್ಣನೋ ಭಾವನೋ ಇರ್ತಾರೆ, ಪಿ.ಜಿ. ರೂಮಿನ ರೇಟು ಗೊತ್ತಿರುತ್ತೆ. ಒಂದು ಗಂಟೆ ದೂರದ ಕ್ಯಾಂಪಸ್ಸಲ್ಲಿ ಹಾಸ್ಟೆಲ್ ಹೇಗಿದೆ, ಲೈಬ್ರರಿ ಹೇಗಿದೆ, ಯಾವ ವಿಭಾಗ ಇದೆ ಅಂತ ಗೊತ್ತಿರಲ್ಲ. ನೋಡದೇ ಇರೋ ಜಾಗಕ್ಕೆ ಮಗಳನ್ನ ಕಳಿಸೋಕೆ ಯಾವ ಅಪ್ಪ ಅಮ್ಮ ಒಪ್ತಾರೆ? ಅರ್ಜಿ ಹಾಕೋಕೆ ಮುಂಚೆನೇ ಆ ದಾರಿ ಮುಚ್ಚಿರುತ್ತೆ. ನನಗೆ ಬೇಜಾರಾಗೋದು ಅಲ್ಲೇ.

ಡಿಪಾರ್ಟ್‌ಮೆಂಟಿನವರು ಇಂಡಸ್ಟ್ರಿಯಲ್ ವಿಸಿಟ್ ಅಂತ ಕರ್ಕೊಂಡು ಹೋಗ್ತಾರಲ್ಲ, ಅದೇ ಥರ ಸೆಕೆಂಡ್ ಇಯರಲ್ಲಿ ಒಂದು ದಿನ ಜ್ಞಾನ ಸಹ್ಯಾದ್ರಿಗೆ ಕರ್ಕೊಂಡು ಹೋಗಲಿ. ಬೆಳಗ್ಗೆ ಹೋಗಿ ಸಂಜೆ ಬಸ್ಸಿಗೆ ವಾಪಸ್. ಅವರು ಕರ್ಕೊಂಡು ಹೋಗದಿದ್ರೆ ನಾಲ್ಕು ಜನ ಸೇರ್ಕೊಂಡು ನೀವೇ ಹೋಗಿ, ಒಪ್ಪೋದಾದ್ರೆ ಅಮ್ಮನ್ನೂ ಕರ್ಕೊಂಡು ಹೋಗಿ. ಭಾನುವಾರ ಬೇಡ, ಕ್ಲಾಸ್ ನಡೀತಿರೋ ದಿನ ಹೋಗಿ. ನಿಮ್ಮ ವಿಷಯದ ವಿಭಾಗಕ್ಕೆ ಹೋಗಿ ಅಲ್ಲಿ ಓದ್ತಿರೋರನ್ನ ಮಾತಾಡಿಸಿ. ಎಷ್ಟು ಜನ ಹಾಸ್ಟೆಲ್ಲಲ್ಲಿ ಇದ್ದಾರೆ, ಊಟ ಹೇಗೆ, ಸ್ಕಾಲರ್‌ಶಿಪ್ ಯಾವಾಗ ಬರುತ್ತೆ, ನೆಟ್, ಕೆ-ಸೆಟ್‌ಗೆ ಯಾರು ಹೇಳಿಕೊಡ್ತಾರೆ, ಇಷ್ಟು ಕೇಳಿ. ವೆಬ್‌ಸೈಟಲ್ಲಿ ಸಿಗದೇ ಇರೋದು ಅವರ ಬಾಯಲ್ಲಿ ಸಿಗುತ್ತೆ. ಮನೆ ಬಿಟ್ಟು ಇರೋಕೆ ಆಗದವರು ಕಡೂರಿನ ಸ್ನಾತಕೋತ್ತರ ಕೇಂದ್ರದಲ್ಲೂ ವಿಚಾರಿಸಿ, ಆ ವರ್ಷ ಯಾವ ವಿಷಯಕ್ಕೆ ಅಡ್ಮಿಷನ್ ಇದೆ ಅಂತ ನೇರವಾಗಿ ಹೋಗಿ ಕೇಳಿ.

ಒಂದು ಕೆಲಸ ಇದೆ ನಿಮಗೆ. ನಿಮ್ಮ ಊರಿಗೆ ಕಾಲೇಜಿಂದ ಕೊನೆ ಬಸ್ ಎಷ್ಟು ಗಂಟೆಗೆ, ಸರ್ಕಾರಿಯಾ ಖಾಸಗಿಯಾ ಅಂತ ವಾಯ್ಸ್ ನೋಟ್ ಕಳಿಸಿ. ಊರಿನ ಹೆಸರು ಹೇಳಿದ್ರೆ ಸಾಕು, ನಿಮ್ಮ ಹೆಸರು ಬೇಡ. ಎಲ್ಲ ಸೇರಿಸಿ ಪಟ್ಟಿ ಮಾಡಿ ಮುಂದಿನ ಎಪಿಸೋಡಲ್ಲಿ ಓದ್ತೀನಿ, ಅದರ ಒಂದೊಂದು ಪ್ರತಿ ಮೂರೂ ಊರಿನ ಕಾಲೇಜಿಗೆ ತಗೊಂಡು ಹೋಗಿ ಕೊಡ್ತೀನಿ.