ಕೆನಡಾದಿಂದ ಬಂದ ಆರು ಪ್ರಶ್ನೆಗಳು

(ಕಳೆದ ಭಾನುವಾರ ಮಿಲ್ ಕಾರ್ಮಿಕರ ಹಾಗೂ ಚಿಲ್ಲರೆ ವರ್ತಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. "ಮೇಷ್ಟ್ರಿಗೆ ಷೇರು ಪೇಟೆಯ ಗೊಡವೆ ಯಾಕೆ? ಅದೂ ಕೆನಡಾ ದೇಶದ ಷೇರು ಪೇಟೆ!" ಎಂದು ಒಬ್ಬರು ಬಾಗಿಲಲ್ಲೇ ಕೇಳಿದರು. ಕೇಳಿದ್ದು ನ್ಯಾಯವೇ. ನಾನು ಮೆಟ್ರಿಕ್ ಪಾಸು ಮಾಡಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು. ಒಂದು ಷೇರನ್ನೂ ಕೊಂಡವನಲ್ಲ, ಮಾರಿದವನಲ್ಲ. ಆದರೆ ನನ್ನ ಕೈಯಲ್ಲಿ ಲೆಕ್ಕ ಕಲಿತ ಹುಡುಗನೊಬ್ಬ ಇಂದು ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ ಮೋಟಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾನೆ. ನಾಲ್ಕು ವರ್ಷ ಹೊಟ್ಟೆಬಟ್ಟೆ ಕಟ್ಟಿ ಒಂದಿಷ್ಟು ಉಳಿಸಿದ್ದಾನೆ. ಅದನ್ನು ಎಲ್ಲಿಡಬೇಕು ಎಂದು ನನಗೆ ಬರೆದಿದ್ದಾನೆ. "ಮೇಷ್ಟ್ರೇ, ಇವು ನನ್ನೊಬ್ಬನ ಪ್ರಶ್ನೆಗಳಲ್ಲ. ಊಟದ ಬಿಡುವಿನಲ್ಲಿ ಇಲ್ಲಿಯವರೂ ಇವನ್ನೇ ಕೇಳಿಕೊಳ್ಳುತ್ತಾರೆ. ನೀವು ಲೆಕ್ಕ ಬಿಡಿಸಿ ಹೇಳಿದರೆ ನನಗೆ ಧೈರ್ಯ" ಎಂದಿದ್ದಾನೆ.

ಅವನ ತಂದೆ ಈ ಸಭೆಯಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ನಮ್ಮೂರಿನ ಒಂದು ಮಿಲ್ಲು ಬಾಗಿಲು ಹಾಕಿದಾಗ ಅವರ ಕೆಲಸ ಹೋಯಿತು. ಮಿಲ್ಲಿನವರೇ ನಡೆಸುತ್ತಿದ್ದ ಸೊಸೈಟಿಯಲ್ಲಿ ಇಟ್ಟಿದ್ದ ಠೇವಣಿಯೂ ಅದರ ಜೊತೆಗೆ ವರ್ಷಗಟ್ಟಲೆ ಸಿಕ್ಕಿಬಿತ್ತು. ಹುಡುಗನ ಪರೀಕ್ಷೆಯ ಫೀಸಿಗೆ ಅವರು ಕೈಗಡಿಯಾರ ಮಾರಿದ್ದನ್ನು ನಾನು ಬಲ್ಲೆ. ಅವರ ಅಪ್ಪಣೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

ಮೊದಲು ಒಂದು ಸಂದೇಹ ನಿವಾರಿಸಿಕೊಳ್ಳೋಣ. ಕೂಲಿಕಾರನಿಗೆ ಷೇರು ಯಾಕೆ? ಅಲ್ಲಿ ಸರ್ಕಾರದ ಕಡೆಯಿಂದ ಕೆನಡಾ ಪೆನ್ಷನ್ ಯೋಜನೆ ಇದೆ. ಆದರೆ ಮುಪ್ಪಿನ ಕಾಲಕ್ಕೆ ಅದೊಂದೇ ಸಾಲದು. ಹಿಂದೆ ಅನೇಕ ಖಾಸಗಿ ಕಂಪನಿಗಳು ನಿವೃತ್ತಿಯ ನಂತರ ತಿಂಗಳಿಗೆ ಇಷ್ಟು ಎಂದು ಪೆನ್ಷನ್ನಿನ ಮಾತು ಕೊಡುತ್ತಿದ್ದವು. ಈಗ ಬಹಳ ಕಡೆ ಆ ಮಾತಿಲ್ಲ. ಕಂಪನಿ ತನ್ನ ಪಾಲನ್ನು ಖಾತೆಗೆ ಹಾಕಿ ಕೈತೊಳೆದುಕೊಳ್ಳುತ್ತದೆ. ಅದನ್ನು ಬೆಳೆಸುವ ಹೊಣೆಯೂ, ಕಳೆದುಕೊಳ್ಳುವ ಭಯವೂ ಕಾರ್ಮಿಕನ ತಲೆಯ ಮೇಲೆ. ಇದಕ್ಕಾಗಿಯೇ ಅಲ್ಲಿ 1957ರಿಂದ ಆರ್.ಆರ್.ಎಸ್.ಪಿ. ಎಂಬ ನಿವೃತ್ತಿ ಉಳಿತಾಯದ ಖಾತೆಯೂ, 2009ರಿಂದ ಟಿ.ಎಫ್.ಎಸ್.ಎ. ಎಂಬ ತೆರಿಗೆರಹಿತ ಖಾತೆಯೂ ಇವೆ. ನಮಗೂ ಇದು ದೂರದ ಮಾತಲ್ಲ. 2015ರ ಆಗಸ್ಟಿನಿಂದ ನಮ್ಮ ಭವಿಷ್ಯನಿಧಿಯ ಹೊಸ ಹಣದಲ್ಲಿ ಒಂದು ಭಾಗ ಷೇರು ಪೇಟೆಯ ಫಂಡುಗಳಿಗೆ ಹೋಗುತ್ತಿದೆ. ಷೇರು ಬೇಡವೆಂದು ಮುಖ ತಿರುಗಿಸಿದರೂ ಷೇರು ನಮ್ಮನ್ನು ಬಿಟ್ಟಿಲ್ಲ.

ಮೊದಲನೆಯ ಪ್ರಶ್ನೆ: "ನಮ್ಮ ಕಂಪನಿ ತನ್ನ ಷೇರನ್ನು ನೌಕರರಿಗೆ ಸೋಡಿಯಲ್ಲಿ ಕೊಡುತ್ತದೆ. ಎಲ್ಲವನ್ನೂ ಅದರಲ್ಲೇ ಹಾಕಲೇ?"

ಇದಕ್ಕೆ ಉತ್ತರ ನಾರ್ಟೆಲ್ ಕಂಪನಿಯ ಕಥೆ. ಟೆಲಿಫೋನ್ ಯಂತ್ರಗಳ ಈ ಕಂಪನಿ ಕೆನಡಾದ ಹೆಮ್ಮೆಯಾಗಿತ್ತು. 2000ದ ಬೇಸಿಗೆಯಲ್ಲಿ ಅದರ ಒಂದು ಷೇರು ಟೊರಾಂಟೊ ಪೇಟೆಯಲ್ಲಿ 124 ಡಾಲರ್ ಮುಟ್ಟಿತು. ಆ ಪೇಟೆಯ ಮುಖ್ಯ ಸೂಚ್ಯಂಕದಲ್ಲಿ ಮುನ್ನೂರು ಕಂಪನಿಗಳಿದ್ದವು. ಅದರ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೂಕ ಈ ಒಂದೇ ಕಂಪನಿಯದು! 2002ರಲ್ಲಿ ಅದೇ ಷೇರು ಒಂದು ಡಾಲರಿಗಿಂತ ಕೆಳಗೆ ಬಿತ್ತು. 2009ರ ಜನವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಸಾವಿರಾರು ಜನರ ಕೆಲಸ ಹೋಯಿತು. ಪೆನ್ಷನ್ ನಿಧಿಯಲ್ಲಿ ಕೊರತೆ ಕಂಡು ನಿವೃತ್ತರ ಪೆನ್ಷನ್ ಕಡಿತವಾಯಿತು. ಕಾಯಿಲೆ ಬಿದ್ದು ಕೆಲಸ ಬಿಟ್ಟಿದ್ದವರಿಗೆ ಬರುತ್ತಿದ್ದ ಭತ್ಯೆಯೂ 2010ರ ಕೊನೆಗೆ ನಿಂತಿತು. ಸ್ವಂತ ಉಳಿತಾಯವನ್ನೂ ನಾರ್ಟೆಲ್ ಷೇರಿನಲ್ಲೇ ಇಟ್ಟಿದ್ದವರ ಗತಿ ಏನಾಯಿತೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ಸಾಲಿನಲ್ಲಿ ಕೂತಿರುವ ಹಿರಿಯರಿಗೆ ಅದು ಗೊತ್ತು.

ಸೋಡಿ ಸಿಕ್ಕುವುದಾದರೆ ಸ್ವಲ್ಪ ತೆಗೆದುಕೊಳ್ಳಲಿ. ಮಾರಲು ಅವಕಾಶ ಬಂದೊಡನೆ ಮಾರಿ ಬೇರೆ ಕಡೆ ಇಡಲಿ. ಅನ್ನ ಕೊಡುವ ಜಾಗದಲ್ಲೇ ಬುತ್ತಿಯನ್ನೂ ಕಟ್ಟಿಡಕೂಡದು.

ಎರಡನೆಯ ಪ್ರಶ್ನೆ: "ಹಾಗಾದರೆ ಕೆನಡಾದ ನಾನಾ ಕಂಪನಿಗಳಲ್ಲಿ ಹಂಚಿದರೆ ಸಾಕಲ್ಲವೇ? ಪರದೇಶದ ಷೇರು ಯಾಕೆ?"

ಒಂದು ಕಂಪನಿಯ ಬಗ್ಗೆ ಹೇಳಿದ ಮಾತೇ ಒಂದು ದೇಶಕ್ಕೂ ಸಲ್ಲುತ್ತದೆ. ಜಗತ್ತಿನ ಒಟ್ಟು ಷೇರುಗಳ ಬೆಲೆಯಲ್ಲಿ ಕೆನಡಾದ ಪಾಲು ನೂರಕ್ಕೆ ಸುಮಾರು 3. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಬ್ಯಾಂಕು, ವಿಮೆ, ಎಣ್ಣೆ, ಗಣಿ ಇಷ್ಟರಲ್ಲೇ ಇದೆ. ಔಷಧದಂಥ ಕಸುಬುಗಳು ಅಲ್ಲಿ ಬಹಳ ಕಡಿಮೆ. ನಿವೃತ್ತಿ ಖಾತೆಯಲ್ಲಿ ಪರದೇಶದ ಪಾಲು ನೂರಕ್ಕೆ 30ನ್ನು ಮೀರಕೂಡದೆಂದು ಕಾನೂನೇ ಇತ್ತು. 2005ರಲ್ಲಿ ಆ ಮಿತಿಯನ್ನು ತೆಗೆದರು. ಆದರೂ ಜನರ ರೂಢಿ ಬೇಗ ಹೋಗುವುದಿಲ್ಲ. ಕಂಡ ಹೆಸರೇ ನಂಬಿಕೆಯ ಹೆಸರು.

ಆಲ್ಬರ್ಟಾ ಪ್ರಾಂತದ ಎಣ್ಣೆ ಕಾರ್ಮಿಕನನ್ನು ನೆನೆಯಿರಿ. 2014ರ ನಡುವಿನಲ್ಲಿ ಕಚ್ಚಾ ಎಣ್ಣೆ ಪೀಪಾಯಿಗೆ ನೂರು ಅಮೆರಿಕನ್ ಡಾಲರಿಗೂ ಮೇಲಿತ್ತು. 2016ರ ಜನವರಿಯಲ್ಲಿ ಮೂವತ್ತಕ್ಕಿಂತ ಕೆಳಗಿಳಿಯಿತು. ಎಣ್ಣೆ ಕಂಪನಿಗಳು ಆಳುಗಳನ್ನು ತೆಗೆದವು. ಎಣ್ಣೆ ಷೇರುಗಳು ಬಿದ್ದವು. ಕೆನಡಾದ ಡಾಲರ್ ಸುಮಾರು 94 ಅಮೆರಿಕನ್ ಸೆಂಟುಗಳಿಂದ 69ರ ಕೆಳಕ್ಕೆ ಜಾರಿತು. ಕೂಲಿ, ಷೇರು, ನಾಣ್ಯ ಮೂರೂ ಒಟ್ಟಿಗೆ ಇಳಿದವು, ಯಾಕೆಂದರೆ ಮೂರನ್ನೂ ಒಂದೇ ಗೂಟಕ್ಕೆ ಕಟ್ಟಿತ್ತು. ಅದೇ 2015ರಲ್ಲಿ ಅಮೆರಿಕದ ಷೇರುಗಳು ತಮ್ಮ ಡಾಲರಿನಲ್ಲಿ ಇದ್ದಲ್ಲೇ ಇದ್ದವು ಎನ್ನಬಹುದು. ಆದರೆ ಅವನ್ನು ಇಟ್ಟುಕೊಂಡಿದ್ದ ಕೆನಡಾದವನಿಗೆ ನಾಣ್ಯದ ವ್ಯತ್ಯಾಸದಿಂದಲೇ ನೂರಕ್ಕೆ ಸುಮಾರು 20 ಹೆಚ್ಚಾಯಿತು. ಕಷ್ಟದ ವರ್ಷದಲ್ಲಿ ಕೈಹಿಡಿದದ್ದು ಹೊರಗಿನ ಗೂಟ.

ಮೂರನೆಯ ಪ್ರಶ್ನೆಯಲ್ಲಿ ಬಹಳ ಜನ ಎಡವುತ್ತಾರೆ; ಗಮನವಿಟ್ಟು ಕೇಳಬೇಕು. "ಅಮೆರಿಕದ ಷೇರುಗಳ ಫಂಡೊಂದನ್ನು ಟೊರಾಂಟೊದಲ್ಲಿ ಕೆನಡಾ ಡಾಲರಿಗೇ ಮಾರುತ್ತಾರೆ. ಅದನ್ನು ಕೊಂಡರೆ ಅಮೆರಿಕದ ನಾಣ್ಯದ ಏರಿಳಿತದಿಂದ ನಾನು ಪಾರಾದಂತೆ ಅಲ್ಲವೇ?"

ಅಲ್ಲ. ನಮ್ಮ ಅಂಗಡಿಯ ಮಿತ್ರರನ್ನು ಕೇಳುತ್ತೇನೆ: ಅಕ್ಕಿಯನ್ನು ಸೇರಿನಲ್ಲಿ ಅಳೆದರೂ ಕೆ.ಜಿ.ಯಲ್ಲಿ ತೂಗಿದರೂ ಚೀಲದೊಳಗಿನ ಅಕ್ಕಿ ಹೆಚ್ಚು ಕಡಿಮೆಯಾಗುತ್ತದೆಯೇ? ಬೆಲೆಯ ಚೀಟಿ ಯಾವ ನಾಣ್ಯದಲ್ಲಿದೆ ಎಂಬುದು ಅಳತೆಯ ಮಾತು. ಫಂಡಿನೊಳಗಿನ ಕಂಪನಿ ಯಾವ ದೇಶದಲ್ಲಿ ಮಾಲು ಮಾರಿ ಯಾವ ನಾಣ್ಯದಲ್ಲಿ ಲಾಭ ಎಣಿಸುತ್ತದೆ ಎಂಬುದೇ ಚೀಲದೊಳಗಿನ ಅಕ್ಕಿ. ಅಮೆರಿಕದ ಡಾಲರ್ ನೂರಕ್ಕೆ ಹತ್ತು ಇಳಿದರೆ, ಷೇರುಗಳ ಬೆಲೆ ಅಲ್ಲಿ ಬದಲಾಗದಿದ್ದರೂ, ಟೊರಾಂಟೊದ ಆ ಚೀಟಿಯ ಬೆಲೆ ಕೆನಡಾ ಡಾಲರಿನಲ್ಲಿ ನೂರಕ್ಕೆ ಹತ್ತು ಇಳಿಯುತ್ತದೆ.

ಇದರ ತಿರುಗುಮುರುಗು ಕೂಡ ನಿಜ. ಕೆನಡಿಯನ್ ನ್ಯಾಷನಲ್ ರೈಲ್ವೆ ಹೆಸರಿಗೆ ಕೆನಡಾದ್ದು, ಷೇರು ಟೊರಾಂಟೊದ್ದು. ಆದರೆ ಅದರ ಹಳಿ ಅಮೆರಿಕದೊಳಗೆ ನ್ಯೂ ಆರ್ಲಿಯನ್ಸ್ ತನಕ ಹೋಗಿದೆ; ಅದರ ಗಲ್ಲಾಪೆಟ್ಟಿಗೆಗೆ ಅಮೆರಿಕದ ಡಾಲರೂ ಬೀಳುತ್ತದೆ. ಆದುದರಿಂದ ಚೀಟಿಯನ್ನು ನೋಡಿ ಮೋಸ ಹೋಗದೆ ಗಲ್ಲಾಪೆಟ್ಟಿಗೆಯನ್ನು ನೋಡತಕ್ಕದ್ದು.

ನಾಲ್ಕನೆಯ ಪ್ರಶ್ನೆ: "ನಾಣ್ಯದ ಏರಿಳಿತಕ್ಕೆ ಬೇಲಿ ಹಾಕಿದ ಫಂಡುಗಳೂ ಇವೆ. ಅವನ್ನೇ ಕೊಳ್ಳಲೇ?"

ಇಂಗ್ಲಿಷಿನ 'ಹೆಡ್ಜ್' ಎಂಬ ಮಾತಿಗೆ ಬೇಲಿ ಎಂದೇ ಅರ್ಥ. ಹತ್ತಿ ವ್ಯಾಪಾರಿ ಮೂರು ತಿಂಗಳ ಮೇಲೆ ಕೊಡುವ ಮಾಲಿಗೆ ಇಂದೇ ದರ ಕುದುರಿಸಿಕೊಳ್ಳುತ್ತಾನಲ್ಲ, ಫಂಡಿನವರು ಹಾಗೆಯೇ ಡಾಲರಿಗೆ ಮುಂಗಡ ಸೌದಾ ಮಾಡುತ್ತಾರೆ. ಆ ಮೇಲೆ ದರ ಇಳಿದರೆ ನಷ್ಟವಿಲ್ಲ. ಏರಿದರೆ ಲಾಭವೂ ಇಲ್ಲ. ಬೇಲಿಗೆ ಖರ್ಚು ಬೇರೆ ಇದೆ.

ಒಳ್ಳೆಯದೋ ಕೆಟ್ಟದ್ದೋ? ಎರಡು ಲೆಕ್ಕ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ. 2008ರಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಷೇರು ನೂರಕ್ಕೆ 37 ಬಿದ್ದವು. ವರ್ಷದ ಮೊದಲಲ್ಲಿ ಎರಡು ಡಾಲರುಗಳೂ ಹೆಚ್ಚುಕಡಿಮೆ ಸಮವಾಗಿದ್ದವು. ವರ್ಷದ ಕೊನೆಗೆ ಒಂದು ಅಮೆರಿಕನ್ ಡಾಲರಿಗೆ ಕೆನಡಾದ 1.22 ಡಾಲರ್. ಬೇಲಿ ಹಾಕಿದವನ ನೂರು ಸುಮಾರು 63 ಆಯಿತು. ಬೇಲಿ ಹಾಕದವನ ನೂರು ಸುಮಾರು 77 ಆಗಿ ಉಳಿಯಿತು. ಜಗತ್ತು ಹೆದರಿದಾಗ ಹಣ ಅಮೆರಿಕದ ಡಾಲರಿಗೆ ಓಡುತ್ತದೆ. ಎಣ್ಣೆ, ಗಣಿಯ ಸರಕಿಗೆ ಗಿರಾಕಿ ಕಡಿಮೆಯಾಗಿ ಕೆನಡಾದ ಡಾಲರ್ ಇಳಿಯುತ್ತದೆ. ಹೀಗಾಗಿ ಬೇಲಿ ಇಲ್ಲದಿರುವುದೇ ಅನೇಕ ಸಲ ಕೆನಡಾದವನಿಗೆ ರಕ್ಷೆಯಾಗಿದೆ.

ಇನ್ನೊಂದು ಲೆಕ್ಕ. 2002ರ ಜನವರಿಯಲ್ಲಿ ಕೆನಡಾದ ಡಾಲರ್ 62 ಅಮೆರಿಕನ್ ಸೆಂಟಿಗೂ ಕೆಳಗಿಳಿದಿತ್ತು. ಆಗ ನೂರು ಅಮೆರಿಕನ್ ಡಾಲರಿನ ಷೇರಿಗೆ ಸುಮಾರು 160 ಕೆನಡಾ ಡಾಲರ್ ಕೊಡಬೇಕಿತ್ತು. ಹತ್ತು ವರ್ಷ ಕಳೆದು 2011ರ ಕೊನೆಗೆ ಆ ಷೇರು ಸುಮಾರು 112 ಆಗಿತ್ತು. ಅಷ್ಟರಲ್ಲಿ ಎರಡೂ ಡಾಲರುಗಳು ಸಮಕ್ಕೆ ಬಂದಿದ್ದವು. 160 ಹಾಕಿದವನ ಕೈಗೆ, ಡಿವಿಡೆಂಡ್ ಬಿಟ್ಟರೆ, ಸುಮಾರು 114 ಬಂತು. ಅವನಿಗೆ ಬೇಲಿ ಇದ್ದಿದ್ದರೆ ಚೆನ್ನಾಗಿತ್ತು.

ನಾಣ್ಯ ಎತ್ತ ಹೋಗುತ್ತದೆಂದು ಮೊದಲೇ ಬಲ್ಲವನು ಯಾರೂ ಇಲ್ಲ. ಬಲ್ಲೆನೆಂದು ಹೇಳಿ ಶುಲ್ಕ ಕೇಳುವವನನ್ನು ದೂರ ಇಡಿ. ಇಪ್ಪತ್ತು ಮೂವತ್ತು ವರ್ಷ ಮುಟ್ಟದ ಹಣಕ್ಕೆ ಬೇಲಿ ಅಷ್ಟು ಮುಖ್ಯವಲ್ಲ. ನಿವೃತ್ತಿ ಹತ್ತಿರವಿದ್ದು ಕೆನಡಾದಲ್ಲೇ ಖರ್ಚು ಮಾಡುವವನು ಅರ್ಧಕ್ಕೆ ಬೇಲಿ ಹಾಕಿ ಅರ್ಧ ಬಿಡಬಹುದು. ಎರಡರಲ್ಲಿ ಯಾವುದು ತಪ್ಪಿದರೂ ಪೂರ್ತಿ ತಪ್ಪುವುದಿಲ್ಲ.

ಐದನೆಯದು ವಿನಿಮಯದ ವೆಚ್ಚ. ದಲ್ಲಾಳಿ ಕಂಪನಿಯವರು ಕೆನಡಾ ಡಾಲರನ್ನು ಅಮೆರಿಕದ್ದಾಗಿ ಮಾಡಿಕೊಡುವಾಗ ದರದಲ್ಲೇ ನೂರಕ್ಕೆ ಒಂದು, ಒಂದೂವರೆ ಇಟ್ಟುಕೊಳ್ಳುವುದುಂಟು. ರಸೀದಿಯಲ್ಲಿ ಅದು ಶುಲ್ಕವೆಂದು ಕಾಣುವುದಿಲ್ಲ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕತ್ತರಿ. ಇದನ್ನು ತಪ್ಪಿಸಲು ಅಲ್ಲಿನವರು ಒಂದು ಉಪಾಯ ಮಾಡುತ್ತಾರೆ. ನಾರ್ಬರ್ಟ್ ಶ್ಲೆಂಕರ್ ಎಂಬ ಸಲಹೆಗಾರನ ಹೆಸರಿನಿಂದ ಅದನ್ನು ಕರೆಯುತ್ತಾರೆ. ಎರಡೂ ನಾಣ್ಯಗಳಲ್ಲಿ ನಡೆಯುವ ಷೇರನ್ನು ಕೆನಡಾ ಡಾಲರಿನಲ್ಲಿ ಕೊಂಡು, ಅದನ್ನೇ ಅಮೆರಿಕನ್ ಡಾಲರಿನಲ್ಲಿ ಮಾರುವುದು. ದೊಡ್ಡ ಮೊತ್ತಕ್ಕೆ ಇದರಿಂದ ಉಳಿತಾಯ. ಚಿಕ್ಕ ಮೊತ್ತಕ್ಕೆ ದಲ್ಲಾಳಿಯ ಕಮಿಷನ್ನೇ ಮೀರೀತು. ನಮ್ಮ ಹುಡುಗನಂಥವರಿಗೆ ಕೆನಡಾ ಡಾಲರಿನಲ್ಲಿ ಸಿಕ್ಕುವ, ಖರ್ಚು ಕಡಿಮೆ ಇರುವ ಫಂಡೇ ಸರಳ.

ಆರನೆಯದು ತೆರಿಗೆ. "ಷೇರಿನಲ್ಲಿ ನಷ್ಟವಾಯಿತು, ಆದರೂ ತೆರಿಗೆ ಕಟ್ಟು ಎನ್ನುತ್ತಾರೆ, ಇದು ಯಾವ ನ್ಯಾಯ?" ಸಾಮಾನ್ಯ ಖಾತೆಯಲ್ಲಿ ಲಾಭನಷ್ಟವನ್ನು ಕೆನಡಾ ಡಾಲರಿನಲ್ಲೇ ಲೆಕ್ಕ ಹಾಕಬೇಕು. ಡಾಲರುಗಳು ಸಮವಿದ್ದಾಗ ನೂರಕ್ಕೆ ಕೊಂಡ ಷೇರನ್ನು ತೊಂಬತ್ತು ಅಮೆರಿಕನ್ ಡಾಲರಿಗೆ ಮಾರಿದ ಎನ್ನಿ. ಆ ದಿನ ಒಂದು ಅಮೆರಿಕನ್ ಡಾಲರಿಗೆ 1.30 ಇದ್ದರೆ ಅವನ ಕೈಗೆ 117 ಬಂತು. ಲಾಭ 17, ಅದರ ಅರ್ಧ ಆದಾಯಕ್ಕೆ ಸೇರುತ್ತದೆ. ಆದ್ದರಿಂದ ಕೊಂಡ ದಿನದ ದರವನ್ನು ಅಂದೇ ಬರೆದಿಡಬೇಕು. ಅಮೆರಿಕದ ಕಂಪನಿ ಕೊಡುವ ಡಿವಿಡೆಂಡಿನಲ್ಲಿ ನೂರಕ್ಕೆ 15ನ್ನು ಅಮೆರಿಕ ಸರ್ಕಾರ ಮೊದಲೇ ಹಿಡಿಯುತ್ತದೆ. ಆರ್.ಆರ್.ಎಸ್.ಪಿ.ಯಲ್ಲಿ ನೇರವಾಗಿ ಅಮೆರಿಕದ ಷೇರು ಇಟ್ಟವರಿಗೆ ಎರಡು ದೇಶಗಳ ಒಪ್ಪಂದದಿಂದ ವಿನಾಯಿತಿ ಇದೆ. ಟಿ.ಎಫ್.ಎಸ್.ಎ.ಗೆ ಆ ವಿನಾಯಿತಿ ಇಲ್ಲ. ತೆರಿಗೆರಹಿತ ಎಂಬ ಹೆಸರು ಕೆನಡಾದ ತೆರಿಗೆಗೆ ಮಾತ್ರ.

ಮಿತ್ರರೇ, ಹುಡುಗ ಕೇಳದೆ ಬಿಟ್ಟ ಏಳನೆಯ ಪ್ರಶ್ನೆಯೊಂದಿದೆ. ಆ ಹಣ ಯಾತಕ್ಕೆ, ಯಾವಾಗ, ಯಾವ ನಾಣ್ಯದಲ್ಲಿ ಬೇಕು? ಉತ್ತರ ನನಗೆ ಗೊತ್ತು. ಎರಡು ವರ್ಷದಲ್ಲಿ ತಂಗಿಯ ಮದುವೆ ಇದೆ. ಅದು ರೂಪಾಯಿಯ ಖರ್ಚು. ಮನೆಯ ಛಾವಣಿ ಸೋರುತ್ತಿದೆ. ಅದೂ ರೂಪಾಯಿಯ ಖರ್ಚು. ಆ ಹಣ ಯಾವ ದೇಶದ ಷೇರಿಗೂ ಹೋಗಕೂಡದು. 2008ರಂಥ ವರ್ಷ ಮದುವೆಯ ಮುಹೂರ್ತ ನೋಡಿ ಬರುವುದಿಲ್ಲ. ಆರು ತಿಂಗಳ ಸಂಸಾರದ ಖರ್ಚು ಕೆನಡಾ ಡಾಲರಿನಲ್ಲೇ ಬ್ಯಾಂಕಿನಲ್ಲಿರಲಿ, ಕೆಲಸ ಹೋದರೆ ಬೇಕು. ಉಳಿದದ್ದು, ಮುಪ್ಪಿನ ಕಾಲದ್ದು, ಹಲವು ದೇಶಗಳಲ್ಲಿ ಹಂಚಿಹೋಗಲಿ. ಅವನ ಕೂಲಿ ಈಗಾಗಲೇ ಆಂಟೇರಿಯೊದ ಒಂದು ಕಾರ್ಖಾನೆಗೆ ಕಟ್ಟಿದೆ. ಉಳಿತಾಯಕ್ಕೂ ಅದೇ ಗೂಟ ಬೇಡ.

ಒಂದು ಮಾತು ಸೇರಿಸದಿದ್ದರೆ ನನ್ನ ಕರ್ತವ್ಯಕ್ಕೆ ಲೋಪ. ಈ ಹುಡುಗ ಹಗಲು ಎಂಟು ಗಂಟೆ ಯಂತ್ರದ ಮುಂದೆ ನಿಂತು, ರಾತ್ರಿ ನಾಣ್ಯದ ದರ ನೋಡುತ್ತ ಕೂರಬೇಕಾಗಿದೆ. ಲಕ್ಷಾಂತರ ಜನರ ಹಣ ಒಂದೆಡೆ ಕೂಡಿದ ಕೆನಡಾ ಪೆನ್ಷನ್ ನಿಧಿ ತನ್ನ ಬಹುಪಾಲನ್ನು ಕೆನಡಾದ ಹೊರಗೆ ಹಂಚಿಟ್ಟಿದೆ. ಒಂದು ವರ್ಷದ ಪೆಟ್ಟನ್ನು ಇನ್ನೊಂದು ವರ್ಷದ ಫಲದಿಂದ ತುಂಬಿಕೊಳ್ಳುವ ಶಕ್ತಿ ಅದಕ್ಕಿದೆ. ಒಬ್ಬಂಟಿ ಕಾರ್ಮಿಕನಿಗೆ ಆ ಶಕ್ತಿ ಇಲ್ಲ. ಅವನು ಬಿದ್ದ ವರ್ಷವೇ ನಿವೃತ್ತನಾದರೆ ತುಂಬಿಕೊಳ್ಳಲು ಕಾಲವೆಲ್ಲಿ? ಆದ್ದರಿಂದ ಷೇರಿನ ಲೆಕ್ಕ ಕಲಿಯಿರಿ ಎನ್ನುವಾಗಲೇ, ಕೂಡಿ ಪಡೆಯುವ ಪೆನ್ಷನ್ನಿನ ಹಕ್ಕನ್ನು ಬಿಡಬೇಡಿ ಎಂದೂ ಹೇಳುತ್ತೇನೆ. ಅಲ್ಲಿಗೂ ಈ ಮಾತು ಸಲ್ಲುತ್ತದೆ, ಇಲ್ಲಿಗೂ ಸಲ್ಲುತ್ತದೆ.

ಹುಡುಗನಿಗೆ ಉತ್ತರ ಬರೆದಿದ್ದೇನೆ. ಕಳಿಸುವ ಮೊದಲು ಅವನ ತಂದೆಗೆ ಓದಿ ಹೇಳಿದೆ. ಪೂರ್ತಿ ಕೇಳಿ ಅವರು ಒಂದೇ ಮಾತು ಸೇರಿಸಲು ಹೇಳಿದರು: "ಕಂಪನಿಯ ಷೇರಿನ ವಿಷಯ ಎರಡು ಸಲ ಬರೆಯಿರಿ, ಮೇಷ್ಟ್ರೇ." ಎರಡು ಸಲ ಬರೆದಿದ್ದೇನೆ.