ಓಟಿನ ದಿನ ನಿಗದಿ ಮಾಡುವುದು ಹೇಗೆ?



“ಕುಂದಾಪುರದವರ ಬೆರಳಿನ ಶಾಯಿ ಮಾಸುವ ಹೊತ್ತಿಗೆ ಬೈಂದೂರಿನವರಿಗೆ ಓಟು. ಇದೆಂತ ಮಾರಾಯ್ರೆ, ದೇಶಕ್ಕೆಲ್ಲ ಒಂದೇ ದಿನ ಅಂತ ಕಾನೂನಲ್ಲಿ ಬರೆದಿಡಬಾರದಾ?” 2024ರ ಲೋಕಸಭಾ ಚುನಾವಣೆಯಿಂದ ಈಚೆಗೆ ಹೋದಲ್ಲೆಲ್ಲ ಇದೇ ಪ್ರಶ್ನೆ. ಕುಂದಾಪುರ, ಬ್ರಹ್ಮಾವರ ಪೇಟೆಗಳು ಉಡುಪಿ–ಚಿಕ್ಕಮಗಳೂರು ಕ್ಷೇತ್ರಕ್ಕೆ ಸೇರಿದವು, ಅಲ್ಲಿ ಏಪ್ರಿಲ್ 26. ಬೈಂದೂರು ವಿಧಾನಸಭಾ ಕ್ಷೇತ್ರ ಸೇರುವುದು ಶಿವಮೊಗ್ಗಕ್ಕೆ, ಅಲ್ಲಿ ಮೇ 7. ಹೊಳೆಯ ಈಚೆ ಕುಂದಾಪುರದಲ್ಲಿ ಓಟು ಮುಗಿದಿತ್ತು, ಆಚೆ ಗಂಗೊಳ್ಳಿಯಲ್ಲಿ ಇನ್ನೂ ಹನ್ನೊಂದು ದಿನ ಬಾಕಿ.

ಅಮೆರಿಕದವರು 1845ರಲ್ಲೇ ಅಧ್ಯಕ್ಷರ ಚುನಾವಣೆಗೆ ನವೆಂಬರಿನ ಮೊದಲ ಸೋಮವಾರದ ಮರುದಿನ ಅಂತ ಗೂಟ ಹೊಡೆದರು. ನಮ್ಮಲ್ಲಿ ಹಾಗೆ ಗೂಟ ಇಲ್ಲ. ಹಾಗಂತ ಆಳುವ ಪಕ್ಷ ಮನಸ್ಸಿಗೆ ಬಂದ ದಿನ ಇಟ್ಟುಕೊಳ್ಳುತ್ತದೆ ಅನ್ನುವವರ ಹತ್ತಿರ ನನಗೆ ತಾಳ್ಮೆ ಇಲ್ಲ. ಲೋಕಸಭೆಯ ಐದು ವರ್ಷ ಅದರ ಮೊದಲ ಬೈಠಕ್ಕಿನಿಂದ ಶುರು. 2019ರ ಜೂನ್ 17ಕ್ಕೆ ಕೂತ ಸಭೆಗೆ 2024ರ ಜೂನ್ 16 ಗಡು. ಸುಡುಬಿಸಿಲಲ್ಲಿ ಸಾಲು ನಿಲ್ಲಬೇಕಾದದ್ದು ಅದಕ್ಕೇ.

ಆ ಗಡುವಿನೊಳಗೆ ಚುನಾವಣಾ ಆಯೋಗ ದಿನ ಆರಿಸುತ್ತದೆ, ಆದರೆ 1951ರ ಜನಪ್ರತಿನಿಧಿ ಕಾಯ್ದೆಯ ಲೆಕ್ಕ ಬಿಡುವಂತಿಲ್ಲ. ಅಧಿಸೂಚನೆಯಿಂದ ಏಳನೇ ದಿನ ನಾಮಪತ್ರಕ್ಕೆ ಕೊನೆ, ಮರುದಿನ ಪರಿಶೀಲನೆ, ಅದರ ಎರಡನೇ ದಿನ ವಾಪಸಾತಿ, ನಡುವೆ ರಜೆ ಬಿದ್ದರೆ ಮುಂದಿನ ದಿನ. ಅಲ್ಲಿಂದ ಹದಿನಾಲ್ಕನೇ ದಿನಕ್ಕಿಂತ ಮೊದಲು ಮತದಾನ ಕೂಡದು. ಶಿವಮೊಗ್ಗದ್ದು ನೋಡಿ: ಏಪ್ರಿಲ್ 12ಕ್ಕೆ ಅಧಿಸೂಚನೆ, 19, 20, 22, ಆಮೇಲೆ ಮೇ 7. ಒಂದೇ ದಿನ ಹೆಚ್ಚು!

ಇದರಲ್ಲಿ ನೀವು ಹಿಡಿದಿಟ್ಟುಕೊಳ್ಳಬೇಕಾದದ್ದು ಆ ಏಳನೇ ದಿನ. ನಾಮಪತ್ರದ ಕೊನೆಯ ದಿನ ಕಳೆದರೆ ಮತದಾರರ ಪಟ್ಟಿಗೆ ಹೊಸ ಹೆಸರು ಸೇರುವುದಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ಸೇರುವುದಿಲ್ಲ. ಓಟಿನ ದಿನ ಬೂತಿನಲ್ಲಿ ಗಲಾಟೆ ಮಾಡಿ ಫಲವಿಲ್ಲ. ನಾನೇ ಮನೆ ಬದಲಿಸಿದ ವರ್ಷ, ಓಟಿಗೆ ಎರಡು ದಿನ ಇರುವಾಗ ಫಾರಂ ಹಿಡಿದು ಹೋಗಿ ಬೆಪ್ಪನಂತೆ ವಾಪಸು ಬಂದವ. ಅರ್ಜಿ ವಿಚಾರಣೆಗೂ ದಿನ ಬೇಕು, ಹಾಗಾಗಿ ಅಧಿಸೂಚನೆಗೂ ಮೊದಲೇ ಹೆಸರು ನೋಡಿಕೊಳ್ಳಿ.

ಸಮಯ ಮುಗಿಯುತ್ತಾ ಬಂತು, ರಜೆಯದ್ದೊಂದು ಮಾತು. ಕುಂದಾಪುರದ ಅಂಗಡಿಯಲ್ಲಿ ದುಡಿಯುವ ಗಂಗೊಳ್ಳಿಯವರಿಗೆ ಸಂಬಳ ಸಹಿತ ರಜೆ ಸಿಗಬೇಕಾದದ್ದು ಅವರ ಓಟಿನ ದಿನ. “ಏಪ್ರಿಲ್ 26ಕ್ಕೇ ಕೊಟ್ಟಾಯ್ತಲ್ಲ” ಅಂದರೆ, ಅದೇ ಕಾಯ್ದೆಯ 135ಬಿ ಕಲಮು ಓದಿ ನೋಡಿ ಧಣಿ ಅನ್ನಿ.